ನಮ್ಮ ಮಳೆ, ನಮ್ಮ ಮಣ್ಣಿಗೆ ಒಗ್ಗುವ ಹುಲ್ಲುಹಾಸು: ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಮನೆ ಮುಂದೆ ಲಾನ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಹುಲ್ಲು ಹಾಕಲಿ ಅಂತ. ನಮ್ಮ ಕಡೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಜುಲೈ ಮಳೆಯ ನೀರು ಅಂಗಳದಿಂದ ಯಾವ ಕಡೆ ಹೋಗುತ್ತದೆ? ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ನೀರು ಕೊಡಲು ಆಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಹುಲ್ಲಿನ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಹಾಸನದಿಂದ ಈಶಾನ್ಯಕ್ಕೆ ಅರಸೀಕೆರೆ ಸುಮಾರು 45 ಕಿಲೋಮೀಟರ್. ಪಶ್ಚಿಮಕ್ಕೆ ಸಕಲೇಶಪುರ ಸುಮಾರು 40 ಕಿಲೋಮೀಟರ್. ಅರಸೀಕೆರೆಯಲ್ಲಿ ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಆಸುಪಾಸು ಮಳೆ. ಸಕಲೇಶಪುರದಲ್ಲಿ ಅದು 2,000 ದಾಟುತ್ತದೆ. ಪಕ್ಕದ ಜಿಲ್ಲೆಯಲ್ಲೂ ಇದೇ ಕಥೆ. ಕಡೂರಿನವರು ಮೋಡ ನೋಡುತ್ತಾ ಕೂತಿರುವಾಗ ಶೃಂಗೇರಿಯಲ್ಲಿ ಬಟ್ಟೆ ಒಣಗುವುದಿಲ್ಲ. ಬೆಂಗಳೂರಿನ ಹವೆಗೆ ಅಂತ ಬರೆದ ಸಲಹೆಯನ್ನು ಹಾಗೇ ತಂದು ಇಲ್ಲಿ ಹಾಕಿದರೆ ಬಯಲುಸೀಮೆಯಲ್ಲಿ ಹುಲ್ಲು ಒಣಗುತ್ತದೆ, ಮಲೆನಾಡಿನಲ್ಲಿ ಕೊಳೆಯುತ್ತದೆ. ಅದಕ್ಕೇ ಕೆಳಗೆ ಬೇಕಾದ ಕಡೆಯಲ್ಲೆಲ್ಲ ಬಯಲು, ಅರೆಮಲೆನಾಡು, ಮಲೆನಾಡು ಅಂತ ಬೇರೆ ಬೇರೆ ಹೇಳಿದ್ದೇನೆ. ಹಾಸನ, ಚಿಕ್ಕಮಗಳೂರು ಪಟ್ಟಣಗಳನ್ನು ಅರೆಮಲೆನಾಡು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಎಷ್ಟು ದೊಡ್ಡದು?

ಇದನ್ನು ಬೇಸಿಗೆಯ ನೀರು ನೋಡಿ ತೀರ್ಮಾನಿಸಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಹುಲ್ಲು ಹಸಿರಾಗಿಯೇ ಇರಬೇಕಾದರೆ ವಾರಕ್ಕೆ ಸುಮಾರು ಒಂದು ಇಂಚು, ಅಂದರೆ 25 ಮಿಲಿಮೀಟರ್ ನೀರು ಬೇಕು. 100 ಚದರ ಅಡಿ ಲಾನಿಗೆ ಅದು ಹತ್ತಿರಹತ್ತಿರ 235 ಲೀಟರ್ ಆಯಿತು. ಮನೆ ಮುಂದಿನ 10 ಅಡಿ ಅಗಲ, 20 ಅಡಿ ಉದ್ದದ ಜಾಗಕ್ಕೆ ವಾರಕ್ಕೊಂದು 500 ಲೀಟರಿನ ಸಿಂಟೆಕ್ಸ್ ಖಾಲಿಯಾಗುತ್ತದೆ ಅಂದುಕೊಳ್ಳಿ. ಒಂದು ಗುಂಟೆ, ಅಂದರೆ 1,089 ಚದರ ಅಡಿಗೆ ವಾರಕ್ಕೆ 2,500 ಲೀಟರ್ ದಾಟುತ್ತದೆ.

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ತರಿಸುವ ಊರಿನಲ್ಲಿ ಒಂದು ಗುಂಟೆ ಲಾನ್ ಬೇಡ. 150 ಚದರ ಅಡಿ ಮಾಡಿ, ಚೆನ್ನಾಗಿ ಮಾಡಿ. ಉಳಿದ ಜಾಗಕ್ಕೆ ಚಪ್ಪಡಿ ಹಾಕಿ, ದಾಸವಾಳ, ಕನಕಾಂಬರ ನೆಡಿ. ನೋಡಲು ಅದೇ ಚೆಂದ.

ಬಿಸಿಲನ್ನೂ ಈಗಲೇ ನೋಡಿಕೊಳ್ಳಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದಿನ ಹುಲ್ಲುಹಾಸು ನೋಡಿದ್ದೀರಲ್ವಾ? ಅಲ್ಲಿ ತೆರೆದ ಬಯಲು, ದಿನವಿಡೀ ಬಿಸಿಲು. ಹಾಗೇ ಬೇಕು ಅಂತ ಹಲಸಿನ ಮರದ ಬುಡದಲ್ಲಿ ಹುಲ್ಲು ಹಾಕಿದರೆ ಬರುವುದಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಜಾಗ ಲಾನಿಗೆ ಒಳ್ಳೆಯದು. ಮೂರು ಗಂಟೆಗಿಂತ ಕಮ್ಮಿ ಇದ್ದರೆ ಲಾನಿನ ಯೋಚನೆ ಬಿಟ್ಟು ಬೇರೆ ಏನಾದರೂ ನೆಡಿ.

ನೀರು ಹೋಗುವ ದಾರಿ

ನಮ್ಮ ಕಡೆ ಲಾನ್ ಹಾಳಾಗುವುದು ಜಾಸ್ತಿ ಮಳೆಗಾಲದಲ್ಲೇ. ಬೇಸಿಗೆಯಲ್ಲಿ ಕಂದಿದ ಹುಲ್ಲು ಮಳೆ ಬಿದ್ದರೆ ಚಿಗುರುತ್ತದೆ. ಬೇರು ಕೊಳೆತ ಹುಲ್ಲು ಚಿಗುರುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಲಾನ್ ಆಗುವ ಜಾಗದಲ್ಲಿ ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಎರಡನೇ ಸಲದ ನೀರು ನಾಲ್ಕು ಗಂಟೆ ಆದರೂ ನಿಂತೇ ಇದ್ದರೆ ನೆಲಕ್ಕೆ ಬಸಿಯುವ ಶಕ್ತಿ ಸಾಲದು. ಲಕ್ಯಾ ಕಡೆಯ ಕಪ್ಪು ಮಣ್ಣಿನಲ್ಲಿ, ಗದ್ದೆ ತುಂಬಿಸಿ ಮಾಡಿದ ಸೈಟುಗಳಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ. ಅಂಥ ಕಡೆ ಲಾನಿನ ತಗ್ಗಿನ ಅಂಚಿಗೆ ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆಯಿರಿ. ಅಡಿಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು ತುಂಬಿ. ತೂತು ಮಾಡಿದ ಪಿವಿಸಿ ಪೈಪನ್ನು ಜಲ್ಲಿಯ ನಡುವೆ ಹಾಕಿದರೆ ಇನ್ನೂ ಒಳ್ಳೆಯದು. ಆ ನೀರನ್ನು ಚರಂಡಿಗೆ ಬಿಡುವ ಬದಲು ಒಂದು ಇಂಗುಗುಂಡಿಗೆ ಬಿಡಿ. ಕಾಫಿ ತೋಟದವರು ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವುದೂ ಮಳೆ ನೀರು, ಮೇಲ್ಮಣ್ಣು ಎರಡನ್ನೂ ತಡೆದು ನಿಲ್ಲಿಸುವುದಕ್ಕೇ.

ಇಳಿಜಾರು 10 ಅಡಿಗೆ ಒಂದರಿಂದ ಎರಡು ಇಂಚು ಸಾಕು. ಅದು ಮನೆಯ ಗೋಡೆಯಿಂದ ಆಚೆಗೆ ಇರಬೇಕು. ಎರಡು ಗೂಟ ಹೊಡೆದು, ನಡುವೆ ದಾರ ಕಟ್ಟಿ, ಗಾರೆ ಕೆಲಸದವರ ರಸಮಟ್ಟದಿಂದ ನೋಡಿದರೆ ಗೊತ್ತಾಗುತ್ತದೆ. ಸೂರಿನ ನೀರು, ಹೆಂಚಿನ ನೀರು ನೇರವಾಗಿ ಲಾನ್ ಮೇಲೆ ಸುರಿಯುವ ಹಾಗಿದ್ದರೆ ಮೊದಲು ಅದಕ್ಕೊಂದು ದೋಣಿ ಕಟ್ಟಿಸಿ. ಸೂರಿನ ಕೆಳಗೆ ಯಾವ ಹುಲ್ಲೂ ನಿಲ್ಲುವುದಿಲ್ಲ.

ಮಣ್ಣಿನ ಕೆಲಸ

ಈ ಭಾಗಕ್ಕೆ ಅವಸರ ಮಾಡಬೇಡಿ. ಜೂನ್‌ನಲ್ಲಿ ನೆಡುವುದಾದರೆ ಮಾರ್ಚ್‌ನಲ್ಲೇ ಗುದ್ದಲಿ ಹಿಡಿಯಬೇಕು.

ಹೊಸ ಮನೆಯ ಸುತ್ತಲಿನ ಮಣ್ಣು ನಿಜವಾದ ಮೇಲ್ಮಣ್ಣಾಗಿರುವುದು ಅಪರೂಪ. ಬುನಾದಿ ತೆಗೆದಾಗ ಬಂದ ಒಳಮಣ್ಣು ಮೇಲೆ ಹರಡಿರುತ್ತದೆ. ಅದರಲ್ಲಿ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ತಂತಿ, ಮೊಳೆ ಎಲ್ಲಾ ಇರುತ್ತವೆ. 9 ಇಂಚಿನಿಂದ ಒಂದು ಅಡಿ ಆಳಕ್ಕೆ ಅಗೆದು ಇದನ್ನೆಲ್ಲ ಆರಿಸಿ. ಸಿಮೆಂಟು ಕಲಸಿದ ಜಾಗ ಇದ್ದರೆ ಆ ಮಣ್ಣನ್ನೇ ತೆಗೆದು ಆಚೆ ಹಾಕಿ. ಅಲ್ಲಿ ಕ್ಷಾರ ಜಾಸ್ತಿಯಾಗಿ ಹುಲ್ಲು ಹಳದಿಯಾಗಿಯೇ ಇರುತ್ತದೆ.

ಅಗೆದ ಮಣ್ಣನ್ನು ಹೆಂಟೆ ಹೆಂಟೆಯಾಗಿಯೇ ಮೂರು ನಾಲ್ಕು ವಾರ ಬಿಸಿಲಿಗೆ ಬಿಡಿ. ಆಮೇಲೆ ಹೆಂಟೆ ಒಡೆದು, ಮಟ್ಟ ಮಾಡಿ, ನೀರು ಹಾಕಿ ಸುಮ್ನೆ ಕಾಯಿರಿ. ಹತ್ತು ಹದಿನೈದು ದಿನದಲ್ಲಿ ಮಣ್ಣಿನೊಳಗಿದ್ದ ಕಳೆ ಬೀಜಗಳೆಲ್ಲ ಮೊಳೆಯುತ್ತವೆ. ಅವನ್ನು ಕಿತ್ತು ಇನ್ನೊಂದು ಸಲ ಹೀಗೇ ಮಾಡಿ. ಎರಡು ಸಲ ಮಾಡಿದರೆ ಮುಂದೆ ವರ್ಷಗಟ್ಟಲೆ ಕೂತು ಕಳೆ ಕೀಳುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ.

ಇಲ್ಲಿ ಮುಖ್ಯವಾಗಿ ಹಿಡಿಯಬೇಕಾದದ್ದು ಜೇಕು, ನಮ್ಮವರು ಕೊನ್ನಾರಿ ಗಡ್ಡೆ ಅಂತಲೂ ಕರೆಯುವ ಕಳೆ. ಮೇಲಿನಿಂದ ನೋಡಿದರೆ ಹುಲ್ಲಿನ ಥರಾನೇ ಕಾಣುತ್ತದೆ. ಅದರ ಹೂಕಾಂಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉರುಳಿಸಿ ನೋಡಿ, ಮೂರು ಏಣು ಕೈಗೆ ತಾಗುತ್ತವೆ. ಹುಲ್ಲಿನ ಕಡ್ಡಿ ಹಾಗಿರುವುದಿಲ್ಲ, ಗುಂಡಗೆ ಅಥವಾ ಚಪ್ಪಟೆಗೆ ಇರುತ್ತದೆ. ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ನಿಧಾನಕ್ಕೆ ಅಗೆದು ತೆಗೆದರೆ ತೆಳ್ಳನೆ ಕಪ್ಪು ದಾರದಂಥ ಬೇರಿಗೆ ಪೋಣಿಸಿದ ಹಾಗೆ ಗಡ್ಡೆ ಮೇಲೆ ಗಡ್ಡೆ ಸಿಗುತ್ತವೆ. ಸಿಪ್ಪೆ ಕಪ್ಪು, ಒರಟು. ಒಡೆದರೆ ಒಳಗೆ ಬಿಳಿ, ಒಳ್ಳೆಯ ವಾಸನೆ. ಆಯುರ್ವೇದದಲ್ಲಿ ಭದ್ರಮುಷ್ಟಿ ಅನ್ನುವುದು ಇದನ್ನೇ. ಗುದ್ದಲಿಯಿಂದ ಕೊಚ್ಚಿದರೆ ಆ ಸರ ತುಂಡಾಗಿ ಪ್ರತಿ ಗಡ್ಡೆಯೂ ಬೇರೆ ಗಿಡವಾಗುತ್ತದೆ. ಆದ್ದರಿಂದ ಮಣ್ಣು ಹದವಾಗಿ ತೇವ ಇರುವಾಗ ಹಾರೆಯಿಂದ ಮೀಟಿ, ಹಿಡಿಯಾಗಿ ಎತ್ತಿ, ಜರಡಿ ಹಿಡಿದು ತೆಗೆಯಿರಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಲಾನ್ ಬಂದ ಮೇಲೆ ಇದನ್ನು ತೆಗೆಯುವುದು ಹತ್ತು ಪಟ್ಟು ಕಷ್ಟ.

ಮಣ್ಣು ಪರೀಕ್ಷೆ ಮಾಡಿಸಿ. ಹಾಸನದವರಿಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಇದೆ. ಐದಾರು ಕಡೆ ಆರು ಇಂಚು ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಒಯ್ದರೆ ಸಾಕು. ಕಾಫಿ ತೋಟದವರ ಬಳಿ ತೋಟದ ಮಣ್ಣಿನ ವರದಿ ಇರುತ್ತದೆ, ನಿಜ. ಅಂಗಳದ ಮಣ್ಣು ಅದೇ ಆಗಿರುವುದಿಲ್ಲ, ಬೇರೆಯಾಗಿ ಮಾಡಿಸಿ.

ಮಲೆನಾಡಿನ ಮಣ್ಣು ಹುಳಿ. ಜೋರು ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ರಸಸಾರ, ಅಂದರೆ ಪಿಎಚ್, 5.5ಕ್ಕಿಂತ ಕೆಳಗಿದ್ದರೆ 100 ಚದರ ಅಡಿಗೆ ಒಂದರಿಂದ ಎರಡು ಕೆಜಿ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಬೆರೆಸಿ. ವರದಿಯಲ್ಲಿ ಬೇರೆ ಪ್ರಮಾಣ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಸುಣ್ಣ ಹಾಕಿ ಎರಡು ಮೂರು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಅರಸೀಕೆರೆ, ಕಡೂರು ಕಡೆಯವರು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಲೇಬೇಡಿ.

ಕೊಟ್ಟಿಗೆ ಗೊಬ್ಬರ 100 ಚದರ ಅಡಿಗೆ 40ರಿಂದ 50 ಕೆಜಿ. ಇದು ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಬೇಕು, ಸಗಣಿ ವಾಸನೆ ಬರಬಾರದು. ಅರ್ಧ ಕಳಿತ ತಿಪ್ಪೆ ಗೊಬ್ಬರದ ಜೊತೆಗೆ ಗೊಣ್ಣೆ ಹುಳುವೂ ಬರುತ್ತದೆ, ಅದರ ಮಾತು ಮುಂದೆ ಇದೆ. ಕಾಫಿ ಸಿಪ್ಪೆ ಸಿಗುವವರು ಅದನ್ನು ಕಾಂಪೋಸ್ಟ್ ಮಾಡಿಯೇ ಬಳಸಿ, ಹಸಿಯಾಗಿ ಬೇಡ. ಗೊಬ್ಬರದ ಜೊತೆಗೆ ಎರಡು ಕೆಜಿ ಬೇವಿನ ಹಿಂಡಿ, ಅರ್ಧ ಕೆಜಿ ಸೂಪರ್ ಫಾಸ್ಫೇಟ್. ಜೇಡಿ ಮಣ್ಣಾದರೆ ಮೇಲಿನ ನಾಲ್ಕು ಇಂಚಿಗೆ ದಪ್ಪ ಮರಳು ಬೆರೆಸಿ. ಎಂ-ಸ್ಯಾಂಡ್ ಆದರೆ ಗಾರೆಯ ನುಣ್ಣನೆ ಪುಡಿ ಬೇಡ, ಅದು ಗಟ್ಟಿ ಕಟ್ಟುತ್ತದೆ.

ಕೊನೆಗೆ ಮಟ್ಟ ಮಾಡಿ, ನೀರು ಹಾಯಿಸಿ, ಒಂದು ವಾರ ಬಿಡಿ. ಮಣ್ಣು ಕುಸಿದ ಕಡೆ ತುಂಬಿ ಮತ್ತೆ ಮಟ್ಟ ಮಾಡಿ.

ಯಾವ ಹುಲ್ಲು

ಬಿಸಿಲು ಚೆನ್ನಾಗಿದ್ದು ನೀರು ಕಮ್ಮಿ ಇರುವ ಕಡೆಗೆ ಗರಿಕೆ ಜಾತಿಯದೇ ಸರಿ. ಗಣಪತಿಗೆ ಏರಿಸುವ ಗರಿಕೆಯೇ ಇದರ ಮೂಲ. ರಾಗಿ ಹೊಲದಲ್ಲಿ ಎಷ್ಟು ಕಿತ್ತರೂ ಹೋಗದ ಆ ಹಟ ಲಾನಿನಲ್ಲಿ ನಮಗೆ ಉಪಕಾರಕ್ಕೆ ಬರುತ್ತದೆ. ನರ್ಸರಿಯಲ್ಲಿ ಇದರ ಸಣ್ಣ ಎಲೆಯ ತಳಿಗಳು ಬರ್ಮುಡಾ, ಸೆಲೆಕ್ಷನ್ 1 ಅಂತ ಸಿಗುತ್ತವೆ. ಮಕ್ಕಳು ಓಡಾಡುವ ಜಾಗಕ್ಕೂ ಇದೇ ಒಳ್ಳೆಯದು, ತುಳಿದಷ್ಟೂ ಬೇಗ ಚೇತರಿಸಿಕೊಳ್ಳುತ್ತದೆ. ನೆರಳು ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಂತು ಸ್ವಲ್ಪ ಕಂದುತ್ತದೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತಲೂ ಮೇಲೆ. ಆ ಎರಡು ತಿಂಗಳು ಹೀಗೇ ಇರುತ್ತದೆ, ಹೆದರಬೇಡಿ.

ಮೆಕ್ಸಿಕನ್ ಗ್ರಾಸ್, ಕೊರಿಯನ್ ಗ್ರಾಸ್ ಅಂತ ಮಾರುವವು ಜೋಯ್ಸಿಯಾ ಜಾತಿಯವು. ಒತ್ತಾಗಿ, ಮೆತ್ತಗೆ ಬರುತ್ತವೆ. ಕಳೆಗೆ ಜಾಗ ಬಿಡುವುದಿಲ್ಲ. ಬೆಳವಣಿಗೆ ನಿಧಾನ, ಹಾಗಾಗಿ ಕತ್ತರಿಸುವ ಕೆಲಸ ಕಮ್ಮಿ. ಸ್ವಲ್ಪ ನೆರಳನ್ನೂ ತಡೆಯುತ್ತವೆ. ಆದರೆ ಒಂದು ಸಲ ಕಿತ್ತುಹೋದ ಜಾಗ ತುಂಬಲು ತಿಂಗಳುಗಟ್ಟಲೆ ಬೇಕು. ಹಾಸನ, ಬೇಲೂರು, ಚಿಕ್ಕಮಗಳೂರು ಪಟ್ಟಣದ ಸಣ್ಣ ಅಂಗಳಗಳಿಗೆ ನನ್ನ ಆಯ್ಕೆ ಇದೇ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಗಳಿಗೆ ಅಗಲ ಎಲೆಯ ಹುಲ್ಲು ಹಾಕಿ. ನರ್ಸರಿಯವರು ಬಫೆಲೋ ಗ್ರಾಸ್ ಅಥವಾ ಕಾರ್ಪೆಟ್ ಗ್ರಾಸ್ ಅನ್ನುತ್ತಾರೆ. ಹುಳಿ ಮಣ್ಣು, ಜಡಿಮಳೆ, ಅರ್ಧ ನೆರಳು ಮೂರನ್ನೂ ತಡೆಯುತ್ತದೆ. ನೋಡಲು ಅಷ್ಟು ನಯ ಇಲ್ಲ. ಅಲ್ಲಿ ನಯವಾದ ಹುಲ್ಲು ಹಾಕಿ ಪ್ರತಿ ಆಗಸ್ಟಿನಲ್ಲೂ ಪಾಚಿ ನೋಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಬಯಲುಸೀಮೆಯವರು ಇದರ ಆಸೆ ಬಿಡಿ, ನೀರು ಜಾಸ್ತಿ ಕೇಳುತ್ತದೆ.

ಇಳಿಜಾರಿನ ಧರೆ ಇರುವ ಮನೆಯವರು ಹಳದಿ ಹೂ ಬಿಡುವ ಪಿಂಟೋ ಕಡಲೆಯನ್ನು ನೋಡಬಹುದು. ಇದು ಹುಲ್ಲಲ್ಲ, ಕಡಲೆಕಾಯಿಯ ಸಂಬಂಧಿ. ನೆಲಕ್ಕೆ ಅಂಟಿ ಹಬ್ಬುತ್ತದೆ, ಮಣ್ಣು ಕೊಚ್ಚಿಹೋಗಲು ಬಿಡುವುದಿಲ್ಲ. ಕತ್ತರಿಸುವ ಕೆಲಸವೂ ಅಷ್ಟಾಗಿ ಇಲ್ಲ. ತುಳಿದಾಡುವ ಜಾಗಕ್ಕೆ ಮಾತ್ರ ಇದು ಬೇಡ.

ನೆಡುವ ಕಾಲ, ನೆಡುವ ರೀತಿ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಭರಣಿ, ಕೃತ್ತಿಕೆ ಮಳೆಗೆ, ಅಂದರೆ ಮೇ ತಿಂಗಳಲ್ಲಿ, ನೆಲ ಹದವಾಗುತ್ತದೆ. ಹಾಸನದಿಂದ ಪೂರ್ವದ ಊರುಗಳಲ್ಲಿ ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ, ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ನೆಟ್ಟರೆ ಮಳೆಯೇ ಅರ್ಧ ಕೆಲಸ ಮಾಡುತ್ತದೆ. ಮಲೆನಾಡಿನಲ್ಲಿ ಮೇ ಮೊದಲ ವಾರಗಳಲ್ಲೇ ನೆಟ್ಟು ಬೇರು ಹಿಡಿಸಿಬಿಡಬೇಕು. ಆಗ ಆಗದಿದ್ದರೆ ಸೆಪ್ಟೆಂಬರ್‌ವರೆಗೆ ಕಾಯಿರಿ, ಉತ್ತರೆ ಮಳೆ, ಹಸ್ತ ಮಳೆಗೆ ನೆಡಿ. ಆರಿದ್ರ, ಪುನರ್ವಸು, ಪುಷ್ಯದ ಜಡಿಯಲ್ಲಿ ನೆಟ್ಟದ್ದು ಮಣ್ಣಿನ ಸಮೇತ ತೊಳೆದು ಹೋಗುತ್ತದೆ.

ನೆಡಲು ಎರಡು ದಾರಿ. ದುಡ್ಡು ಕಮ್ಮಿ, ತಾಳ್ಮೆ ಇದೆ ಅನ್ನುವವರು ಬೇರು ಬಿಟ್ಟ ತುಂಡುಗಳನ್ನು ನೆಡಿ. ಒಂದು ಮಂಕರಿ ಹುಲ್ಲು ತಂದು ಗೆಣ್ಣುಗಳಿರುವ ಹಾಗೆ ಮೂರು ಇಂಚಿನ ತುಂಡು ಮಾಡಿ. ನಾಲ್ಕು ಇಂಚಿಗೊಂದರಂತೆ, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಊರಿ, ಬೆರಳಿನಿಂದ ಒತ್ತಿ. ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಅಲ್ಲಿವರೆಗೆ ವಾರಕ್ಕೊಮ್ಮೆ ಕಳೆ ತೆಗೆಯಲೇಬೇಕು. ಇದನ್ನೇ ಇನ್ನೂ ಸುಲಭ ಮಾಡಿ, ಹುಲ್ಲಿನ ಚೂರುಗಳನ್ನು ಸಗಣಿ ಮತ್ತು ಮಣ್ಣಿನ ರಾಡಿಯಲ್ಲಿ ಕಲಸಿ ಒದ್ದೆ ನೆಲದ ಮೇಲೆ ತೆಳ್ಳಗೆ ಬಳಿಯುವ ಪದ್ಧತಿಯೂ ಇದೆ. ಗರಿಕೆ ಜಾತಿಗೆ ಅದು ಚೆನ್ನಾಗಿ ಹೊಂದುತ್ತದೆ.

ಬೇಗ ಆಗಬೇಕು ಅನ್ನುವವರು ನರ್ಸರಿಯಿಂದ ಹುಲ್ಲಿನ ಮ್ಯಾಟ್ ತರುತ್ತಾರೆ. ಲಾರಿಯಿಂದ ಇಳಿಸುವ ಮೊದಲು ಒಂದೆರಡು ಮ್ಯಾಟ್ ತಿರುಗಿಸಿ ನೋಡಿ. ಬೇರು ಬೆಳ್ಳಗಿರಬೇಕು, ಜೇಕಿನ ಗಡ್ಡೆ ಇರಬಾರದು, ಒಳಗೆ ಕಾವು ಬಂದಿರಬಾರದು. ತಂದ ದಿನವೇ ಹಾಸಿ. ಇಟ್ಟಿಗೆ ಗೋಡೆ ಕಟ್ಟುವಂತೆ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿಗೆ ನೇರ ಬರದ ಹಾಗೆ ಜೋಡಿಸಿ. ಇಲ್ಲದಿದ್ದರೆ ಮಳೆ ನೀರು ಸಂದಿನಲ್ಲೇ ಕಾಲುವೆ ಮಾಡಿಕೊಳ್ಳುತ್ತದೆ. ಹಲಗೆ ಇಟ್ಟು ದಿಮ್ಮಸು ಹಾಕಿ, ಸಂದಿಗೆ ಮರಳು ಗೊಬ್ಬರದ ಮಿಶ್ರಣ ತುಂಬಿ.

ಮೊದಲ ಎರಡು ವಾರ ಬೆಳಿಗ್ಗೆ ಸಂಜೆ ಹಗುರಾಗಿ ನೀರು ಚಿಮುಕಿಸಿ, ಮಳೆ ಇದ್ದರೆ ಬೇಡ. ಒಂದು ತಿಂಗಳು ಯಾರೂ ಓಡಾಡಬಾರದು. ಬೀದಿ ದನಗಳು ಬರುವ ಊರಾದರೆ ಗೇಟು ಮೊದಲು, ಹುಲ್ಲು ಆಮೇಲೆ.

ಕತ್ತರಿಸುವುದು

ಲಾನ್ ಚೆನ್ನಾಗಿರುವುದೂ ಕೆಡುವುದೂ ಇಲ್ಲೇ. ನಿಯಮ ಒಂದೇ: ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಗರಿಕೆ ಮತ್ತು ಜೋಯ್ಸಿಯಾ ಒಂದರಿಂದ ಒಂದೂವರೆ ಇಂಚು ಉಳಿಯಲಿ. ಅಗಲ ಎಲೆಯ ಹುಲ್ಲು ಎರಡರಿಂದ ಎರಡೂವರೆ ಇಂಚು. ಬೇಸಿಗೆಯಲ್ಲಿ ಎಲ್ಲದಕ್ಕೂ ಅರ್ಧ ಇಂಚು ಹೆಚ್ಚು ಬಿಡಿ. ಎಲೆ ಉದ್ದ ಇದ್ದರೆ ಬೇರಿಗೆ ನೆರಳು, ಮಣ್ಣಿನ ತೇವ ಉಳಿಯುತ್ತದೆ.

ನಮ್ಮ ಕಡೆ ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ಇದ್ದೇ ಇರುತ್ತದೆ. ಅದನ್ನೇ ಲಾನಿಗೂ ಹಿಡಿಯುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಎತ್ತರ ಒಂದೇ ಸಮ ಸಿಗುವುದಿಲ್ಲ, ಅಲ್ಲಲ್ಲಿ ಬುಡದವರೆಗೂ ಬೋಳಾಗುತ್ತದೆ. ಬೋಳಾದ ಕಡೆ ಜೇಕು, ಹುಳಿಸೊಪ್ಪು ಎದ್ದುಬಿಡುತ್ತವೆ. ಸಣ್ಣ ಅಂಗಳಕ್ಕೆ ಕೈಯಲ್ಲಿ ತಳ್ಳುವ ಉರುಳೆ ಮೆಷಿನ್ ಸಾಕು, ಕರೆಂಟೂ ಬೇಡ, ಪೆಟ್ರೋಲೂ ಬೇಡ. ಬ್ಲೇಡು ಚೂಪಾಗಿರಲಿ. ಕತ್ತರಿಸಿದ ಮಾರನೇ ದಿನ ಬೆಳಿಗ್ಗೆ ಬಗ್ಗಿ ಒಂದು ಎಲೆಯ ತುದಿ ನೋಡಿ. ನೇರವಾಗಿ ಕತ್ತರಿಸಿದಂತಿದ್ದರೆ ಸರಿ. ನಾರು ನಾರಾಗಿ, ಬಿಳಿಚಿಕೊಂಡು, ಜಗಿದ ಹಾಗಿದ್ದರೆ ಬ್ಲೇಡು ಮೊಂಡಾಗಿದೆ. ದೂರದಿಂದ ಇಡೀ ಲಾನ್ ಬೂದು ಬಣ್ಣಕ್ಕೆ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ, ರೋಗ ಅಲ್ಲ.

ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ. ಚಳಿಗಾಲದಲ್ಲಿ ತಿಂಗಳಿಗೊಂದು ಸಲ ಆದರೂ ನಡೆಯುತ್ತದೆ. ಒದ್ದೆ ಹುಲ್ಲನ್ನು ಕತ್ತರಿಸಬೇಡಿ, ಮಳೆ ಬಿಡುವು ಕೊಟ್ಟ ಮಧ್ಯಾಹ್ನ ನೋಡಿಕೊಳ್ಳಿ. ಒಣ ದಿನಗಳಲ್ಲಿ ಚೂರು ಹುಲ್ಲು ಅಲ್ಲೇ ಬಿದ್ದಿರಲಿ, ಗೊಬ್ಬರವಾಗುತ್ತದೆ. ಮಳೆಗಾಲದಲ್ಲಿ ಗುಡಿಸಿ ತೆಗೆಯಿರಿ.

ನೀರು, ಗೊಬ್ಬರ

ದಿನಾ ಸಂಜೆ ಪೈಪು ಹಿಡಿದು ಹತ್ತು ನಿಮಿಷ ನೀರು ಹಾಕುವುದು ತುಂಬಾ ಜನರ ಅಭ್ಯಾಸ. ಅದರಿಂದ ಮೇಲಿನ ಅರ್ಧ ಇಂಚು ಮಾತ್ರ ನೆನೆಯುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ವಾರಕ್ಕೆ ಎರಡು ಸಲ, ಬೆಳಿಗ್ಗೆ ಎಂಟರೊಳಗೆ, ನಾಲ್ಕು ಇಂಚು ಆಳ ನೆನೆಯುವಷ್ಟು ಕೊಡಿ. ಉದ್ದನೆ ಸ್ಕ್ರೂಡ್ರೈವರ್ ಚುಚ್ಚಿದರೆ ಗೊತ್ತಾಗುತ್ತದೆ, ನೆನೆದಷ್ಟು ಆಳ ಸಲೀಸಾಗಿ ಇಳಿಯುತ್ತದೆ. ಸಂಜೆ ನೀರು ಹಾಕಿದರೆ ನಮ್ಮ ಊರಿನ ಇಬ್ಬನಿಯೂ ಸೇರಿ ಎಲೆ ರಾತ್ರಿಯಿಡೀ ಒದ್ದೆ ಇರುತ್ತದೆ. ಶಿಲೀಂಧ್ರ ರೋಗ ಬರುವುದು ಹಾಗೇ.

ಹುಲ್ಲಿಗೆ ನೀರು ಬೇಕೋ ಬೇಡವೋ ಅಂತ ಹುಲ್ಲೇ ತೋರಿಸುತ್ತದೆ. ಲಾನ್ ಮೇಲೆ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿ. ಹೆಜ್ಜೆ ಗುರುತು ಕೂಡಲೇ ಎದ್ದು ಮಾಯವಾದರೆ ಇನ್ನೂ ಒಂದು ದಿನ ಬಿಡಬಹುದು. ಗುರುತು ಹಾಗೇ ಉಳಿದು, ಎಲೆ ಮಡಚಿಕೊಂಡು ನೀಲಿ ಬೂದು ಛಾಯೆಗೆ ತಿರುಗಿದ್ದರೆ ಇವತ್ತೇ ಕೊಡಿ.

ಏಪ್ರಿಲ್‌ನಲ್ಲಿ ಬೋರು ಬತ್ತಿದರೆ? ಗರಿಕೆ, ಜೋಯ್ಸಿಯಾ ಎರಡಕ್ಕೂ ಕಂದಿ ಮಲಗುವ ಗುಣ ಇದೆ. ಎರಡು ಮೂರು ವಾರಕ್ಕೊಮ್ಮೆ ಅರ್ಧ ಇಂಚು ನೀರು ಸಿಕ್ಕಿದರೂ ಬುಡ ಜೀವಂತ ಇರುತ್ತದೆ, ಮೇ ಮಳೆಗೆ ಚಿಗುರುತ್ತದೆ. ಆ ದಿನಗಳಲ್ಲಿ ಅದರ ಮೇಲೆ ಓಡಾಡಬೇಡಿ, ಗೊಬ್ಬರ ಹಾಕಬೇಡಿ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ವ್ಯರ್ಥ ನೀರಿನಲ್ಲಿ ಲವಣ ಜಾಸ್ತಿ. ಬೋರಿನ ನೀರೇ ಗಡಸಾಗಿರುವ ಅರಸೀಕೆರೆ, ಕಡೂರು ಕಡೆಯಲ್ಲಿ ಅದನ್ನು ಲಾನಿಗೆ ಬಿಡಬೇಡಿ.

ಗೊಬ್ಬರಕ್ಕೆ ವರ್ಷದಲ್ಲಿ ಎರಡು ಕಾಲ ಮುಖ್ಯ. ಮೊದಲ ಮಳೆ ಬಿದ್ದು ಚಿಗುರು ಕಂಡಾಗ ಒಂದು, ಸೆಪ್ಟೆಂಬರ್‌ನಲ್ಲಿ ಜೋರು ಮಳೆ ತಗ್ಗಿದಾಗ ಇನ್ನೊಂದು. 100 ಚದರ ಅಡಿಗೆ 50 ಗ್ರಾಂ ಯೂರಿಯಾ ಸಾಕು. ಎರಡು ಹಿಡಿ ಮರಳಿಗೆ ಬೆರೆಸಿ, ಎಲೆ ಒಣಗಿರುವಾಗ ಎರಚಿ, ಕೂಡಲೇ ನೀರು ಹಾಯಿಸಿ. ಎಲೆ ಒದ್ದೆ ಇದ್ದರೆ ಅಂಟಿಕೊಂಡು ಸುಡುತ್ತದೆ. ರಾಸಾಯನಿಕ ಬೇಡ ಅನ್ನುವವರು ಅಷ್ಟೇ ಜಾಗಕ್ಕೆ ಎರಡು ಕೆಜಿ ಹೊಂಗೆ ಹಿಂಡಿ ಪುಡಿ ಹಾಕಬಹುದು. ಜುಲೈನಲ್ಲಿ ಮಲೆನಾಡಿನವರು ಯೂರಿಯಾ ಹಾಕಿದರೆ ಅದು ಹಳ್ಳ ಸೇರುತ್ತದೆ, ಉಳಿದದ್ದು ರೋಗಕ್ಕೆ ದಾರಿ.

ಗೊಬ್ಬರ, ನೀರು ಎರಡೂ ಸರಿಯಿದ್ದು ಹೊಸ ಎಲೆಗಳೇ ಹಳದಿಯಾಗುತ್ತಿದ್ದರೆ ಕಬ್ಬಿಣದ ಕೊರತೆ ಇರಬಹುದು. ಗಡಸು ನೀರಿನ ಊರುಗಳಲ್ಲಿ ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ ಸಂಜೆಯ ಹೊತ್ತು ತೆಳ್ಳಗೆ ಸಿಂಪಡಿಸಿ. ಚಪ್ಪಡಿ, ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಹುಷಾರು.

ಜಡಿಮಳೆಯ ತಿಂಗಳುಗಳು

ಬಸಿಗಾಲುವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದೆಯೇ ಅಂತ ವಾರಕ್ಕೊಮ್ಮೆ ನೋಡಿ. ಮೇ ಮುಗಿಯುವುದರೊಳಗೆ ಲಾನಿನ ಮೇಲೆ ಚಾಚಿದ ಕೊಂಬೆಗಳನ್ನು ಸವರಿಸಿ, ಗಾಳಿ ಬೆಳಕು ಬರಲಿ. ನೆಲ ಕೆಸರಾಗಿದ್ದಾಗ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ, ಗಟ್ಟಿಯಾದ ಕಡೆ ಪಾಚಿ ಬರುತ್ತದೆ. ಗೇಟಿನಿಂದ ಬಾಗಿಲಿಗೆ ದಿನಾ ಲಾನ್ ಮೇಲೇ ನಡೆಯುವುದಾದರೆ ಅಲ್ಲಿ ಕಲ್ಲು ಹಾಸಿಬಿಡಿ.

ಪಾಚಿ ಬಂದರೆ ಕೆರೆದು ತೆಗೆಯಿರಿ. ಮಳೆ ತಗ್ಗಿದ ಮೇಲೆ ಮುಳ್ಳುಗೋಲಿನಿಂದ ಆರು ಇಂಚಿಗೊಂದರಂತೆ ಮೂರು ನಾಲ್ಕು ಇಂಚು ಆಳದ ತೂತು ಚುಚ್ಚಿ, ಮೇಲೆ ದಪ್ಪ ಮರಳು ಎರಚಿ ಪೊರಕೆಯಿಂದ ತೂತಿನೊಳಗೆ ತಳ್ಳಿ. ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ನೆಲ ಉಸಿರಾಡುತ್ತದೆ. ಅದೇ ಹೊತ್ತಿಗೆ ಮರಳು, ಕೆಂಪು ಮಣ್ಣು, ಕಾಂಪೋಸ್ಟ್ ಸಮಸಮ ಬೆರೆಸಿ ಕಾಲು ಇಂಚು ದಪ್ಪಕ್ಕೆ ಹರಡಿ. ಹುಲ್ಲಿನ ತುದಿ ಮೇಲೆ ಕಾಣುತ್ತಿರಬೇಕು.

ಗೊಣ್ಣೆ ಹುಳು

ಕಬ್ಬು, ಅಡಿಕೆ ಬೆಳೆಯುವವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ಕಂದು ದುಂಬಿಗಳು ಬಂದು ಬೀಳುತ್ತವಲ್ಲ, ಅವು ಮಣ್ಣಲ್ಲಿ ಮೊಟ್ಟೆ ಇಡುತ್ತವೆ. ಹುಟ್ಟುವ ಬಿಳಿ ಹುಳು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿರುತ್ತದೆ, ತಲೆ ಕಂದು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬೇರು ತಿಂದು ದಪ್ಪಗಾಗಿರುತ್ತದೆ.

ನೀರು ಇದ್ದರೂ ಹುಲ್ಲು ತೇಪೆ ತೇಪೆಯಾಗಿ ಹಳದಿಯಾದರೆ, ಆ ಜಾಗದ ಹುಲ್ಲು ಹಿಡಿದು ಎಳೆಯಿರಿ. ಕಂಬಳಿ ಎತ್ತಿದ ಹಾಗೆ ಬೇರಿಲ್ಲದೆ ಎದ್ದು ಬಂದರೆ ಗೊಣ್ಣೆ ಹುಳುವೇ. ಕಾಗೆ, ಗೊರವಂಕ ಒಂದೇ ಜಾಗ ಕುಕ್ಕುತ್ತಿದ್ದರೂ, ತೋಟದ ಮನೆಗಳಲ್ಲಿ ರಾತ್ರಿ ಕಾಡುಹಂದಿ ಬಂದು ಉತ್ತು ಹೋಗಿದ್ದರೂ ಒಳಗೆ ಹುಳು ಇರಬಹುದು. ಒಂದು ಚದರ ಅಡಿ ಅಗೆದು ಎಣಿಸಿ. ಒಂದೆರಡು ಇದ್ದರೆ ಕೈಯಲ್ಲಿ ಆರಿಸಿದರೆ ಮುಗಿಯಿತು. ನಾಲ್ಕೈದಕ್ಕಿಂತ ಜಾಸ್ತಿ ಇದ್ದರೆ ಮೆಟರೈಜಿಯಂ ಎಂಬ ಜೈವಿಕ ಶಿಲೀಂಧ್ರದ ಪುಡಿಯನ್ನು ಕಳಿತ ಗೊಬ್ಬರಕ್ಕೆ ಬೆರೆಸಿ, ಒದ್ದೆ ನೆಲದ ಮೇಲೆ ಸಂಜೆ ಹರಡಿ. ಪ್ರಮಾಣ ಪೊಟ್ಟಣದ ಮೇಲೆ ಇರುತ್ತದೆ. ಹುಳು ಸಣ್ಣದಿರುವ ಜೂನ್, ಜುಲೈನಲ್ಲಿ ಹಾಕಿದರೆ ಫಲ ಚೆನ್ನಾಗಿ ಸಿಗುತ್ತದೆ. ಅದಕ್ಕಿಂತ ಸುಲಭದ ಕೆಲಸ ಮೇ ತಿಂಗಳಲ್ಲಿದೆ. ದುಂಬಿ ಬರುವ ಸಂಜೆಗಳಲ್ಲಿ ದೀಪದ ಕೆಳಗೆ ಅಗಲ ಬೇಸಿನ್‌ನಲ್ಲಿ ಸೋಪಿನ ನೀರು ಇಡಿ. ಅಕ್ಕಪಕ್ಕದ ಮನೆಯವರೂ ಇಟ್ಟರೆ ಇಡೀ ಬೀದಿಗೆ ಲಾಭ.

ತೇಪೆ ಹಾಕುವುದು

ಹುಳು ತಿಂದ ಜಾಗ, ನಾಯಿ ಉಚ್ಚೆಯಿಂದ ಸುಟ್ಟ ಜಾಗ, ಪಾಚಿ ಕೆರೆದ ಜಾಗ, ಎಲ್ಲಕ್ಕೂ ಸೆಪ್ಟೆಂಬರ್ ಒಳ್ಳೆಯ ಕಾಲ. ಸತ್ತ ಹುಲ್ಲನ್ನು ಅಂಚಿನ ಒಂದು ಇಂಚು ಒಳ್ಳೆ ಹುಲ್ಲಿನ ಸಮೇತ ಚೌಕವಾಗಿ ಕತ್ತರಿಸಿ ತೆಗೆಯಿರಿ. ಎರಡು ಮೂರು ಇಂಚು ಮಣ್ಣು ಸಡಿಲ ಮಾಡಿ. ನಾಯಿ ಉಚ್ಚೆಯ ಜಾಗವಾದರೆ ಮೊದಲು ಎರಡು ಬಕೆಟ್ ನೀರು ಸುರಿದು ಉಪ್ಪು ಇಳಿಸಿ. ಒಂದು ಹಿಡಿ ಕಳಿತ ಗೊಬ್ಬರ ಬೆರೆಸಿ, ನಿಮ್ಮದೇ ಲಾನಿನ ಯಾವುದಾದರೂ ಮೂಲೆಯಿಂದ ಅಷ್ಟೇ ಅಳತೆಯ ತುಂಡು ತಂದು ಕೂರಿಸಿ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಲಿ, ಆಮೇಲೆ ಅದು ತಾನಾಗಿ ಕೂರುತ್ತದೆ. ಕಾಲಿನಿಂದ ಒತ್ತಿ, ನೀರು ಹಾಕಿ, ಸುತ್ತ ನಾಲ್ಕು ಕಡ್ಡಿ ನೆಟ್ಟು ಮೂರು ವಾರ ಯಾರೂ ತುಳಿಯದ ಹಾಗೆ ನೋಡಿಕೊಳ್ಳಿ.